ಕಾಗೆಗೆ ಕೊಟ್ಟ ಮಾತು

ನಾನು ಮನುಷ್ಯರಿಗೆ ಮಾತು ಕೊಡುವುದು ಕಡಿಮೆ. ಕೊಟ್ಟರೂ 'ನೋಡೋಣ', 'ದೇವರು ನಡೆಸಿದಂತೆ' ಎಂದು ಒಂದೆರಡು ಗೂಟ ಹೊಡೆದೇ ಕೊಡುತ್ತೇನೆ. ನಾಳೆ ಏನಾಗುತ್ತದೋ ಬಲ್ಲವರಾರು? ಇಂಥ ನಾನು, ನಲವತ್ತಾರರ ವಯಸ್ಸಿನಲ್ಲಿ, ಮುಠಾ ನದಿಯ ಘಾಟಿನ ಮೇಲೆ ಒದ್ದೆ ಪಂಚೆಯಲ್ಲಿ ನಡುಗುತ್ತ ನಿಂತು ಒಂದು ಕಾಗೆಗೆ ಯಾವ ಗೂಟವನ್ನೂ ಹೊಡೆಯದೆ ಮಾತು ಕೊಟ್ಟುಬಿಟ್ಟೆ. ಅಂದಿನಿಂದ ನನ್ನ ನೆಮ್ಮದಿ ಹೋಯಿತು. ನೆಮ್ಮದಿ ಮೊದಲಾದರೂ ಎಲ್ಲಿತ್ತು ಎಂದು ನಮ್ಮ ಮನೆಯಾಕೆ ಕೇಳುತ್ತಾಳೆ. ಇರಲಿ.

ಅಂದು ನಮ್ಮ ಅಜ್ಜಿ ತೀರಿಕೊಂಡ ಹತ್ತನೆಯ ದಿನ. ತಂದೆಯಿಲ್ಲದ ನನ್ನನ್ನು ಧಾರವಾಡದಲ್ಲಿ ಸಾಕಿದವಳು ಅವಳು. ನನಗೆ ಪುಣೆಯ ದಂಡಿನ ಕಚೇರಿಯಲ್ಲಿ ಗುಮಾಸ್ತಿಕೆ ಸಿಕ್ಕಾಗ 'ನೀ ಒಬ್ಬಾಂವ ಹೋದ್ರ ಮಂದೀ ನೋಡಿ ಅಂಜತಿ' ಎಂದು ಹಿತ್ತಾಳೆಯ ಕೊಡ ಹೊತ್ತು ಜೊತೆಗೇ ಬಂದು ಸದಾಶಿವ ಪೇಠವೆಂಬ ಕೇರಿಯ, ಹಲವು ಬಿಡಾರಗಳಿರುವ ಈ ವಾಡೆಯಲ್ಲಿ ನೆಲೆಸಿದವಳು. ಅವಳ ಕರ್ಮ ನನ್ನ ಪಾಲಿಗೆ ಬಂದಿತ್ತು. ಹತ್ತನೆಯ ದಿನದ ಪಿಂಡವನ್ನು ಕಾಗೆ ಮುಟ್ಟಬೇಕು. ಮುಟ್ಟದಿದ್ದರೆ ಹೋದವರ ಆಸೆಯೊಂದು ಇಲ್ಲೇ ಉಳಿದಿದೆ ಎಂದು ಅರ್ಥ. ಆಗ ಇದ್ದವರು ಅದೇನೆಂದು ಊಹಿಸಿ, 'ನಾನು ನೋಡಿಕೊಳ್ಳುತ್ತೇನೆ' ಎಂದು ಗಟ್ಟಿಯಾಗಿ ಮಾತು ಕೊಡುತ್ತ ಹೋಗಬೇಕು. ಸರಿಯಾದ ಮಾತು ಬಂದಾಗ ಕಾಗೆ ಇಳಿಯುತ್ತದೆ.

ಪಿತೃಗಳ ವ್ಯವಹಾರವನ್ನು ಕಾಗೆಯ ಕೈಗೆ ಯಾರು ಕೊಟ್ಟರೋ ನಾನರಿಯೆ. ಗಿಳಿಗೆ ಕೊಟ್ಟಿದ್ದರೆ ಏನು ಬೇಕೆಂದು ಬಾಯಿಬಿಟ್ಟಾದರೂ ಹೇಳುತ್ತಿತ್ತು. ಕಾಗೆ ತಲೆಯನ್ನು ಒಂದು ಬದಿಗೆ ಓರೆ ಮಾಡಿ, ನಮ್ಮ ದೊಡ್ಡ ಸಾಹೇಬರು ರಜೆಯ ಅರ್ಜಿಯನ್ನು ನೋಡುವಂತೆ ನೋಡುತ್ತದೆ. ಅಂದು ಘಾಟಿನ ಗೋಡೆಯ ಮೇಲೆ ಅವು ಸಾಲಾಗಿ ಕೂತಿದ್ದವು. ಪಕ್ಕದಲ್ಲಿ ಯಾರದೋ ಮನೆಯವರು ಪಿಂಡವಿಟ್ಟು ಕೈ ತೊಳೆಯುವಷ್ಟರಲ್ಲಿ ಮುಗಿಬಿದ್ದು ತಿಂದವು. ನಮ್ಮ ಅಜ್ಜಿಯ ಪಿಂಡದತ್ತ ಒಂದೂ ಸುಳಿಯಲಿಲ್ಲ. ನಾನು ಮಗಳನ್ನು ಒಳ್ಳೆಯ ಮನೆಗೆ ಕೊಡುತ್ತೇನೆ ಎಂದೆ. ಪಂಢರಪುರಕ್ಕೆ ಹೋಗುತ್ತೇನೆ ಎಂದೆ. ನಶ್ಯ ಬಿಡುತ್ತೇನೆ ಎಂದೆ. ಒಂದು ಕಾಗೆ ರೆಕ್ಕೆ ಕೆದರಿಕೊಂಡು ಮತ್ತೆ ಮಡಿಸಿತು. ನಶ್ಯದ ಮಾತನ್ನು ಅದು ನಂಬಲಿಲ್ಲ.

"ಬಿಸಲ ಏರೇದರಿ," ಎಂದರು ಕರ್ಮ ಮಾಡಿಸಲು ಬಂದ ಗುಂಡಾಚಾರ್ಯರು. "ಇನ್ನ ಅರ್ಧಾ ತಾಸು ನೋಡೋಣು. ಇಲ್ಲಂದ್ರ ದರ್ಭೀಲೆ ಒಂದು ಕಾಗಿ ಮಾಡಿ ಮುಟ್ಟಿಸಿಬಿಡೋಣು."

"ನಡೀತದೇನ್ರಿ ಅದು?"

"ಶಾಸ್ತ್ರಕ್ಕ ನಡೀತದ. ಮನಸಿನ್ಯಾಗ ಒಂದೀಟು ಕೊರಗ ಉಳೀತದ, ಅಷ್ಟ."

ಕೊರಗುಳಿಯುತ್ತದಂತೆ, ಅಷ್ಟೇ! ಹಾಲು ಉಕ್ಕಿದರೂ ಮೂರು ದಿನ ಕೊರಗುವವನಿಗೆ ಹೇಳುವ ಮಾತೇ ಇದು? ನನಗೆ ತಲೆ ಕೆಟ್ಟುಹೋಯಿತು. "ಏನ ಬೇಕ ಅಜ್ಜಿ ನಿನಗ?" ಎಂದು ಗೋಡೆಯತ್ತ ಕೂಗಿದೆ. "ನಿನ್ನಂಗ ಕಟ್ಟೀ ಮ್ಯಾಲೆ ಕೂತು ಹೋಗೋರು ಬರೋರನ್ನೆಲ್ಲಾ ಮಾತಾಡಸಲೇನು? ಆತ ತಗೋ, ಮಾತಾಡಸ್ತೀನಿ! ತಿಂಗಳಿಗೊಬ್ಬ ಗುರ್ತಿಲ್ಲದಾಂವನ್ನ ಗುರ್ತ ಮಾಡ್ಕೋತೀನಿ! ಸಾಕೇನು?"

ಸಿಟ್ಟಿನಲ್ಲಿ ಆಡಿದ ಮಾತು ಅದು. ಆದರೆ ಕಾಗೆಗೆ ಸಿಟ್ಟೂ ಸಂಕಲ್ಪವೂ ಒಂದೇ. ಸಾಲಿನ ಕೊನೆಯಲ್ಲಿದ್ದ ಒಂದು ಧೊಪ್ಪನೆ ಇಳಿದು ಪಿಂಡಕ್ಕೆ ಕೊಕ್ಕು ಹಾಕಿತು. "ಮುಟ್ಟಿತ್ರಿ!" ಎಂದು ಆಚಾರ್ಯರು ಹಿಗ್ಗಿದರು. ನಾನು ನನ್ನ ಗತಿಯನ್ನು ನೆನೆದು ಹಣೆ ಬಡಿದುಕೊಂಡೆ.

ಅಜ್ಜಿಗೆ ಇದೆಲ್ಲ ಉಸಿರಾಡಿದಂತೆ ಬರುತ್ತಿತ್ತು. ಮಧ್ಯಾಹ್ನ ಮೂರಕ್ಕೆ ವಾಡೆಯ ದೊಡ್ಡ ಬಾಗಿಲ ಪಕ್ಕದ ಕಟ್ಟೆಯ ಮೇಲೆ ಕೂತಳೆಂದರೆ ದಾರಿಹೋಕರು ಯಾರೂ ಹಾಗೇ ಹೋಗುವಂತಿಲ್ಲ. 'ಊಟ ಆತೇನ್ರಿ? ಯಾವೂರ್ರಿ? ಮಕ್ಕಳೆಷ್ಟ್ರಿ?' ಮನೆಗೆ ಬಂದ ಅತಿಥಿಗೆ ಉಣ್ಣಿಸುವ ಮೊದಲು ಹೆಸರು, ಗೋತ್ರ ಕೇಳಬಾರದೆಂದು ಶಾಸ್ತ್ರ. ಅಜ್ಜಿ ಉಣ್ಣಿಸದೆಯೇ ಗೋತ್ರದಾಚೆಗೂ ಹೋಗಿ, ಮೂಲವ್ಯಾಧಿಗೆ ಔಷಧ ಹೇಳಿ ಕಳುಹಿಸುತ್ತಿದ್ದಳು. ಇದೆಲ್ಲ ಅಚ್ಚ ಧಾರವಾಡದ ಕನ್ನಡದಲ್ಲಿ. ಹದಿನೈದು ವರ್ಷ ಪುಣೆಯಲ್ಲಿದ್ದರೂ ಅವಳು ಮರಾಠಿ ಕಲಿಯಲಿಲ್ಲ. ಆಶ್ಚರ್ಯವೆಂದರೆ ಪೇಠದವರು ಉತ್ತರ ಕೊಡುತ್ತಿದ್ದರು. ಮರಾಠಿ ತಕ್ಕಮಟ್ಟಿಗೆ ಬಲ್ಲ ನನಗೆ ಮಾತ್ರ ಯಾರೂ ಉತ್ತರ ಕೊಟ್ಟದ್ದಿಲ್ಲ; ನಾನು ಕೇಳಿದ್ದರೆ ತಾನೇ!

ಮೊದಲ ತಿಂಗಳು ಅವಳ ತಿಥಿ ಬಂದಾಗ ಪರ್ವತಿ ಗುಡ್ಡಕ್ಕೆ ಹೋದೆ. ಮೆಟ್ಟಿಲ ಮೇಲೆ ಒಬ್ಬರು ಏದುತ್ತ ಕೂತಿದ್ದರು. ಪಕ್ಕದಲ್ಲಿ ಕೂತು, ಗಂಟಲು ಸರಿಮಾಡಿಕೊಂಡು, ತಮ್ಮ ಪ್ರಕೃತಿ ಹೇಗಿದೆ, ಮನೆಯಲ್ಲಿ ಎಷ್ಟು ಜನ ಎಂದು ವಿನಯದಿಂದ ಕೇಳಿದೆ. ಅವರು ಕೋಟಿನ ಗುಂಡಿ ಹಾಕಿಕೊಂಡು, "ನನ್ನ ವಿಮೆ ಆಗಲೇ ಮಾಡಿಸಿಯಾಗಿದೆ," ಎಂದು ಎದ್ದು ಹೋದರು. ನಿಂತು ಏದುವಷ್ಟೂ ನಿಲ್ಲಲಿಲ್ಲ.

ಎರಡನೆಯ ತಿಂಗಳಿನದು ಇನ್ನೂ ಘೋರ. ಯುದ್ಧದ ಕಾಲ, ಧಾನ್ಯಕ್ಕೆ ರೇಷನ್ನಿನ ಸಾಲು. ಎರಡು ತಾಸು ನಿಂತ ಮೇಲೆ, ಮುಂದೆ ಬರಿದಾದ ಚೀಲ ಹಿಡಿದು ನಿಂತಿದ್ದವರ ಬೆನ್ನನ್ನು ನೋಡಿ ನನಗೆ ಧೈರ್ಯ ಬಂತು. ಅಜ್ಜಿಯ ಮೊದಲ ಪ್ರಶ್ನೆಯನ್ನೇ ಮರಾಠಿಗೆ ತಂದು, "ಕಾಯ್ ಹೋ, ಜೇವಣ ಝಾಲಂ ಕಾ?" ಎಂದೆ. ಊಟ ಆಯಿತೇ ಎಂದು! ಅಕ್ಕಿ ಮುಗಿಯುತ್ತಿದೆ ಎಂದು ಅಂಗಡಿಯವನು ಆಗಷ್ಟೇ ಕೂಗಿದ್ದ. ನಮ್ಮ ಕಡೆ ಬಾವಿಕಟ್ಟೆಯಲ್ಲೂ ಮಸಣದಲ್ಲೂ ಕೇಳಬಹುದಾದ ಪ್ರಶ್ನೆ ಇದು. ಅಲ್ಲಿ ಇಡೀ ಸಾಲು ತಿರುಗಿ ನೋಡಿತು. ಚೀಲದವರು ಏನೂ ಅನ್ನಲಿಲ್ಲ. ಪುಣೆಯವರು ಏನೂ ಅನ್ನದಿದ್ದಾಗಿನ ನೋಟವನ್ನು ಕಂಡವರೇ ಬಲ್ಲರು.

ಮೂರನೆಯ, ನಾಲ್ಕನೆಯ ತಿಂಗಳಿನವನ್ನು ಹೇಳಿ ನಿಮ್ಮನ್ನು ದಣಿಸಲಾರೆ. ಒಂದರಲ್ಲಿ ಟಾಂಗಾದವನ ಕುದುರೆಯ ಕ್ಷೇಮ ಕೇಳಲು ಹೋಗಿ ಅದರಿಂದ ಕಚ್ಚಿಸಿಕೊಂಡೆ ಎಂದಷ್ಟೇ ಹೇಳುತ್ತೇನೆ. ಹೆಚ್ಚಿನ ಗಂಡಾಂತರ ಬೇರೆ ಕಡೆಯಿಂದ ಬರುತ್ತಿತ್ತು. ಸ್ವಾತಂತ್ರ್ಯ ಚಳವಳಿಯ ಬಿಸಿ ಇನ್ನೂ ಆರಿರಲಿಲ್ಲ. ಪೇಠದ ಎಷ್ಟೋ ಮನೆಗಳ ಹುಡುಗರು ಜೈಲಿನಲ್ಲಿದ್ದರು. ಇಂಥ ಕಾಲದಲ್ಲಿ, ದಂಡಿನ ಕಚೇರಿಯಲ್ಲಿ ಕೆಲಸ ಮಾಡುವ ಒಬ್ಬ ಮನುಷ್ಯ, ಹದಿನೈದು ವರ್ಷ ಯಾರ ಮುಖವನ್ನೂ ನೋಡದವನು, ಇದ್ದಕ್ಕಿದ್ದಂತೆ ಕಂಡಕಂಡವರನ್ನು 'ಯಾವ ಊರು? ಮನೆಯಲ್ಲಿ ಯಾರ್ಯಾರಿದ್ದಾರೆ?' ಎಂದು ಕೇಳುತ್ತ ತಿರುಗಿದರೆ ಅವನನ್ನು ಏನೆಂದು ತಿಳಿಯಬೇಕು? ಪೇಠ ತಿಳಿದುಕೊಂಡಿತು. ನಾನು ಪೊಲೀಸರ ಗುಪ್ತಚರ.

ನನಗೆ ಇದು ಗೊತ್ತಾದದ್ದು ಕ್ಷೌರಿಕನಿಂದ. ಅವನು ಒಂದೂ ಮಾತಾಡದೆ ನನ್ನ ಕ್ಷೌರ ಮುಗಿಸಿದ. ಕತ್ತಿ ಗಂಟಲ ಮೇಲಿರುವಾಗ ಕ್ಷೌರಿಕ ಸುಮ್ಮನಿದ್ದರೆ ಎಂಥ ಧೀರನೂ ಬೆವರುತ್ತಾನೆ. ಮನೆಗೆ ಬಂದರೆ ಮನೆಯಾಕೆ ಖಾಲಿ ಕೊಡ ಕುಕ್ಕಿ ಕೂತಿದ್ದಳು.

"ಏನ ನಡಿಸೀರಿ ನೀವು? ನಾ ನಳದ ಕಡೆ ಹೋದ್ರ ಹೆಂಗಸೂರು ಮಾತ ನಿಲ್ಲಸ್ತಾರ. ಅಜ್ಜಿ ಇದ್ದಾಗ ನನ್ನ ಕೊಡಾ ಮೊದಲ ತುಂಬಸ್ತಿದ್ರು. ಈಗ ಕಡೀಕ ನಿಲ್ಲಬೇಕು. ಆಕಿ ಗಳಿಸಿದ್ದೆಲ್ಲಾ ನೀವು ಒಂದ ವರ್ಷದಾಗ ತೊಳದ ಬಿಡ್ತೀರಿ, ನೋಡ್ತಿರ್ರಿ!"

ಅದು ನನಗೆ ನಿಜವಾಗಿ ತಾಕಿತು. ಅಜ್ಜಿಯ ಹೆಸರಿನಲ್ಲಿ ಹೊರಟು ಅಜ್ಜಿಯ ಹೆಸರನ್ನೇ ಕೆಡಿಸುತ್ತಿದ್ದೆ. ಬಿಟ್ಟುಬಿಡೋಣವೆಂದರೆ ವರ್ಷಾಂತಿಕ ಬರುತ್ತದೆ, ಮತ್ತೆ ಕಾಗೆಯ ಮುಂದೆ ನಿಲ್ಲಬೇಕು. ಅಜ್ಜಿ ಎಲ್ಲೋ ನಡುದಾರಿಯಲ್ಲಿ, ನನ್ನಿಂದಾಗಿ, ಮಾತಾಡಿಸುವವರಿಲ್ಲದೆ ನಿಂತಿರುವ ಚಿತ್ರ ಕಣ್ಣಿಗೆ ಕಟ್ಟುತ್ತಿತ್ತು. ನರಕವನ್ನೂ ಅವಳು ಸಹಿಸಿಯಾಳು; ಅಲ್ಲಿ ಮಂದಿಯಾದರೂ ಇರುತ್ತಾರೆ.

ಹತ್ತನೆಯ ತಿಂಗಳ ತಿಥಿಯಂದು ಬೇರೆ ದಾರಿ ಕಾಣದೆ ಅವಳ ಕಟ್ಟೆಯ ಮೇಲೇ ಹೋಗಿ ಕೂತೆ. ಆಗ ಬಂದವರು ಲಿಮಯೆ ಮಾಸ್ತರರು. ಅಂಗಳದಾಚೆ ಎದುರಿನ ಕೋಣೆಗಳಲ್ಲಿ ಒಬ್ಬರೇ ಇರುವ ವಿಧುರರು. ಅವರ ತಮ್ಮನ ಮಗ ಯರವಡಾ ಜೈಲಿನಲ್ಲಿದ್ದ. ಹದಿನೈದು ವರ್ಷ ಒಂದೇ ಅಂಗಳ ತುಳಿದರೂ ನಮ್ಮ ನಡುವೆ ಒಂದು ಮಾತು ನಡೆದದ್ದಿಲ್ಲ. ನಾನು ಎದ್ದು ನಿಂತು, "ನಮಸ್ಕಾರ. ಮನೆಯಲ್ಲಿ ಎಲ್ಲರೂ..." ಎನ್ನುವಷ್ಟರಲ್ಲಿ ಅವರು ಕೈಯ ಹಾಲಿನ ತಂಬಿಗೆಯನ್ನು ಕಟ್ಟೆಯ ಮೇಲೆ ಕುಕ್ಕಿದರು. ಅವರ ಮರಾಠಿಯನ್ನು ಕನ್ನಡಕ್ಕೆ ತಂದರೆ ಹೀಗೆ:

"ಅಹೋ, ಬರೆದುಕೊಳ್ಳಿ! ಲಿಮಯೆ, ನಿವೃತ್ತ ಶಾಲಾ ಶಿಕ್ಷಕ. ಬೆಳಿಗ್ಗೆ ಐದಕ್ಕೆ ಏಳುತ್ತಾನೆ. ಒಂದು ತಂಬಿಗೆ ಹಾಲು. ಬಾಂಬು ಇಲ್ಲ, ಭಿತ್ತಿಪತ್ರ ಇಲ್ಲ, ಮಾತಾಡುವವರೂ ಇಲ್ಲ. ಸಾಹೇಬರಿಗೆ ಇಷ್ಟು ಸಾಕೋ, ಗೊರಕೆಯ ವರದಿಯೂ ಬೇಕೋ?"

ಹತ್ತು ತಿಂಗಳ ಅವಮಾನ ಒಮ್ಮೆಲೇ ಉಕ್ಕಿತು. ಹರಕು ಮರಾಠಿಯಲ್ಲಿ, ಮರಾಠಿ ಮುಗಿದಲ್ಲಿ ಕನ್ನಡದಲ್ಲಿ, ಕಾಗೆಯ ಕಥೆಯನ್ನೆಲ್ಲ ಅವರ ಮುಖದ ಮೇಲೆ ಒದರಿದೆ. ಘಾಟು, ಪಿಂಡ, ನಶ್ಯ, ವಿಮೆ, ರೇಷನ್ನು, ಕುದುರೆ ಕಚ್ಚಿದ ಮೊಣಕೈ. "ನಾನು ಗುಪ್ತಚರನಲ್ಲ ಮಾಸ್ತರ್, ನಾನು ಒಂದು ಕಾಗೆಗೆ ಸಿಕ್ಕಿಬಿದ್ದವನು!"

ನಗುತ್ತಾರೆಂದುಕೊಂಡೆ. ಮಾಸ್ತರರು ನಗಲಿಲ್ಲ. ಕಟ್ಟೆಯ ಅಂಚಿನಲ್ಲಿ ಕೂತರು.

"ನಿಮ್ಮ ಕಾಗೆ ಇಳಿಯಿತು," ಎಂದರು. "ನನ್ನವಳಿಗೆ ಇಳಿಯಲಿಲ್ಲ. ಒಂಬತ್ತು ವರ್ಷವಾಯಿತು. ನನಗೆ ತೋಚಿದ್ದನ್ನೆಲ್ಲ ಹೇಳಿದೆ. ಕೊನೆಗೆ ದರ್ಭೆಯ ಕಾಗೆ ಮಾಡಿ ಮುಟ್ಟಿಸಿದರು. ಅವಳಿಗೆ ಏನು ಬೇಕಾಗಿತ್ತು ಎಂದು ಇವತ್ತಿಗೂ ಗೊತ್ತಿಲ್ಲ."

ನಾನು ತಂಬಿಗೆಯನ್ನು ಅವರತ್ತ ಸರಿಸಿದೆ. ಅವರೇ ಮುಂದುವರಿಸಿದರು. "ದಿನಾ ಮೂರು ಗಂಟೆಗೆ ನಿಮ್ಮ ಆಜಿಯೂ ಅವಳೂ ಇಲ್ಲೇ ಕೂತು ಮಾತಾಡುತ್ತಿದ್ದರು. ಅವರಿಗೆ ಮರಾಠಿ ಬಾರದು, ಇವಳಿಗೆ ಕಾನಡಿ ಬಾರದು. ಏನು ಮಾತಾಡುತ್ತಿದ್ದರು? ಇವಳು ನಿಮ್ಮ ಆಜಿಗಾದರೂ ಏನಾದರೂ ಹೇಳಿರಬಹುದು ಎಂದು ನಿಮ್ಮನ್ನು ಕೇಳಬೇಕೆಂದಿದ್ದೆ."

"ಇಷ್ಟು ವರ್ಷ ಯಾಕೆ ಕೇಳಲಿಲ್ಲ?"

"ನೀವು ನಿಮ್ಮ ಚಪ್ಪಲಿಯನ್ನೇ ನೋಡುತ್ತ ಹೋಗುತ್ತಿದ್ದಿರಿ."

ಒಳಗೆ ಹೋಗಿ ಮನೆಯಾಕೆಯನ್ನು ಕೇಳಿದೆ. ಅವಳು ಒಲೆ ಊದುವುದನ್ನು ನಿಲ್ಲಿಸಿದಳು.

"ನಾನೂ ಒಮ್ಮೆ ಕೇಳಿದ್ದೆ, ನಿಮಗ ಆಕೀದೇನ ತಿಳೀತದ ಅಜ್ಜಿ ಅಂತ. ಏನಂದ್ಲು ಗೊತ್ತೇನ್ರಿ? 'ಆಕೀ ಮಾತು ನನಗ ತಿಳ್ಯಂಗಿಲ್ಲ, ನಂದು ಆಕಿಗೆ ತಿಳ್ಯಂಗಿಲ್ಲ. ಅದಕ್ಕ ಇಬ್ಬರೂ ಮನಸ್ ಬಿಚ್ಚಿ ಎಲ್ಲಾ ಹೇಳ್ಕೋತೀವಿ' ಅಂದ್ಲು."

ಏನಾದರೊಂದು ಕಟ್ಟಿ ಹೇಳಿ ಮಾಸ್ತರರನ್ನು ಸಮಾಧಾನ ಮಾಡಬಹುದಿತ್ತು. ಆದರೆ ಸುಳ್ಳು ಹೇಳಿದರೆ ಆಮೇಲೆ ಅದನ್ನು ನೆನಪಿಟ್ಟುಕೊಳ್ಳುವ ಚಿಂತೆ ಬೇರೆ. ಇದ್ದದ್ದನ್ನೇ ಹೇಳಿದೆ. ಅವರು ಬಹಳ ಹೊತ್ತು ತಂಬಿಗೆಯೊಳಗಿನ ಹಾಲನ್ನು ನೋಡುತ್ತ ಕೂತು, "ಅಂದರೆ ಎಲ್ಲ ಹೇಳಿದ್ದಾಳೆ," ಎಂದರು. ತಂಬಿಗೆ ಎತ್ತಿಕೊಂಡು, "ಯಾರಿಗೋ ಹೇಳಿದ್ದಾಳಲ್ಲ," ಎಂದರು. ಹಾಲು ಅಷ್ಟರಲ್ಲಿ ಒಡೆದಿತ್ತು.

ಅಂದಿನಿಂದ ರವಿವಾರ ಮೂರಕ್ಕೆ ನಾವಿಬ್ಬರೂ ಕಟ್ಟೆಯ ಮೇಲೆ ಕೂಡುತ್ತೇವೆ. ಅವರು ಮರಾಠಿಯಲ್ಲಿ ಹೆಂಡತಿಯ ಸುದ್ದಿ ಹೇಳುತ್ತಾರೆ. ನಾನು ಅಪ್ಪಟ ಕನ್ನಡದಲ್ಲಿ, ಮನೆಯಾಕೆಗೂ ಹೇಳದ ಚಿಂತೆಗಳನ್ನು ಹೇಳುತ್ತೇನೆ. ಅವರು ಸರಿಯಾದ ಜಾಗದಲ್ಲಿ ಹೂಂಗುಟ್ಟುತ್ತಾರೆ. ಒಮ್ಮೊಮ್ಮೆ ತಪ್ಪು ಜಾಗದಲ್ಲೂ. ಅದರಿಂದಲೂ ಉಪಕಾರವೇ ಆಗಿದೆ. ಮಾಸ್ತರರೇ ಪಕ್ಕದಲ್ಲಿ ಕೂತದ್ದನ್ನು ಕಂಡ ಮೇಲೆ ಪೇಠ ನನ್ನ ಪಾತಕವನ್ನು ಮನ್ನಿಸಿತು. ಕ್ಷೌರಿಕ ಮತ್ತೆ ಬಾಯಿಬಿಟ್ಟ. ಮನೆಯಾಕೆಯ ಕೊಡ ಸಾಲಿನಲ್ಲಿ ನಡುವಿನ ತನಕ ಬಂದಿದೆ.

ವರ್ಷಾಂತಿಕದ ದಿನ ಮಾಳಿಗೆಯ ಮೇಲೆ ಎಲೆಯಲ್ಲಿ ಪಿಂಡವಿಟ್ಟು ಕಾದೆವು. ಮಾಸ್ತರರೂ ಬಂದು ಹಿಂದೆ ನಿಂತಿದ್ದರು. ಕಾಗೆ ಇಲ್ಲ. ತಿಂಗಳಿಗೊಬ್ಬರಂತೆ ಹನ್ನೆರಡು ಜನರಾಗಬೇಕಿತ್ತು, ಒಬ್ಬರನ್ನು ಮಾತ್ರ ಗಳಿಸಿದ್ದೆ. "ಅಜ್ಜಿ, ಒಬ್ಬರ ಆಗ್ಯಾರ. ಉಳದವರ್ನ ಬರೋ ವರ್ಷ..." ಎಂದು ವಾಯಿದೆ ಕೇಳತೊಡಗಿದೆ. ಹಿಂದಿನಿಂದ ಮಾಸ್ತರರು ತಾಳ್ಮೆಗೆಟ್ಟು, ಅಜ್ಜಿಯಿಂದ ಕಿವಿಗೆ ಬಿದ್ದಿದ್ದ ಒಂದೇ ಒಂದು ಕನ್ನಡ ವಾಕ್ಯವನ್ನು ಶಾಲೆಯ ಗಂಟಲಿನಲ್ಲಿ ಆಕಾಶಕ್ಕೆ ಕೂಗಿದರು: "ಊಟ ಆತೇನ್ರಿ?"

ಎರಡು ಕಾಗೆಗಳು ಬಂದವು. ಒಂದು ಮೊದಲು ಕೊಕ್ಕು ಹಾಕಿತು. ಇನ್ನೊಂದು ಅಂಚಿನಲ್ಲಿ ಸ್ವಲ್ಪ ಸಂಕೋಚದಿಂದ ನಿಂತು, ಆಮೇಲೆ ಅದೇ ಎಲೆಗೆ ಬಂತು. ಮಾಸ್ತರರು ತಲೆಯ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದರು. ಕಾಗೆಗಳು ಸಾಮಾನ್ಯವಾಗಿ ಜೋಡಿಯಾಗಿ ಬರುತ್ತವೆ ಎಂದು ನನಗೂ ಗೊತ್ತು, ಅವರಿಗೂ ಗೊತ್ತು.

ಇಲ್ಲಿಗೆ ಮುಗಿಯಿತೆಂದು ಕೆಳಗಿಳಿದು ಬಂದು ನಿರಾಳವಾಗಿ ಕೂತೆ. ಮನೆಯಾಕೆ ಎಲೆ ಹಾಕುತ್ತ, "ತಿಂಗಳಿಗೊಬ್ಬ ಅಂತ ಹೇಳಿದ್ರಿ. ಎಷ್ಟ್ ವರ್ಷ ಅಂತ ಹೇಳಿದ್ದಿರೇನು?" ಎಂದಳು.

ಹೇಳಿರಲಿಲ್ಲ. ಒಂದು ಗೂಟ, ಒಂದೇ ಒಂದು ಗೂಟ ಹೊಡೆದಿದ್ದರೆ! ಈಗ ಇದನ್ನು ಬರೆಯುತ್ತಿರುವಾಗ ವಾಡೆಯ ಮೇಲಂತಸ್ತಿಗೆ ಹೊಸ ಬಿಡಾರದವರೊಬ್ಬರು ಬಂದು ಟ್ರಂಕು ಇಳಿಸುತ್ತಿದ್ದಾರೆ. ಬಾಗಿಲ ಚಿಲಕವನ್ನು ಮೂರು ಸಲ ಎಳೆದು ನೋಡಿದರು. ಚಪ್ಪಲಿಯನ್ನೇ ನೋಡುತ್ತ ಅಂಗಳ ದಾಟಿದರು. ಯಾರೊಡನೆಯೂ ಮಾತು ಬೇಡವೆಂದು ಬಂದ ಜೀವ ಎಂಬುದು ನೋಡಿದರೇ ತಿಳಿಯುತ್ತದೆ. ನನ್ನಂಥವನಿಗೆ ತಿಳಿಯದೆ ಇನ್ನಾರಿಗೆ ತಿಳಿಯಬೇಕು? ಅವರಿಗೆ ಹೋಗಿ ತೊಂದರೆ ಕೊಡಲು ನನಗೆ ಎಳ್ಳಷ್ಟೂ ಮನಸ್ಸಿಲ್ಲ. ಆದರೆ ಮಾಳಿಗೆಯ ಅಂಚಿನಲ್ಲಿ ಅದು ಬಂದು ಕೂತಿದೆ, ತಲೆ ಓರೆ ಮಾಡಿಕೊಂಡು. ಬರುತ್ತೇನೆ, ಊಟ ಆಯಿತೇ ಎಂದು ಕೇಳಬೇಕು.