ಕಂಬಳಿಯೊಳಗಿನ ಕಟ್ಟು

"ಬಿಗಿಯಲೇ, ಇನ್ನೂ ಬಿಗಿ! ಕಟ್ತಿರೋದು ತೊಡೆನಾ, ಬುತ್ತಿ ಗಂಟಾ?"

ಹವಾಲ್ದಾರ್ ಮೇಷ್ಟ್ರು ನೆಲದ ಮೇಲೆ ಮಲಗಿ, ತಮ್ಮ ಕಾಲನ್ನೇ ನನ್ನ ಕೈಗೆ ಕೊಟ್ಟು ಕೂಗುತ್ತಿದ್ದರು. ಯುದ್ಧದ ವರ್ಷ ಅದು. ಗಾಯಾಳುಗಳ ರೈಲು ಚಿಕ್ಕಜಾಜೂರಿಗೆ ಬಂದರೂ ಬರಬಹುದು ಎಂದು, ಆಸ್ಪತ್ರೆಯಲ್ಲಿ ನೆಲ ಒರೆಸುವ ನಮ್ಮಂಥವರಿಗೂ ಅವರು ಕಲಿಸುತ್ತಿದ್ದರು. ರಕ್ತ ಹರಿಯುವ ಕಾಲಿಗೆ ಟವೆಲ್ ಸುತ್ತು, ಕೋಲು ಸಿಕ್ಕಿಸಿ ತಿರುವು.

"ಕುರಿ ಕಾಲು ಎಷ್ಟೋ ಕಟ್ಟೀನಿ ಬಿಡ್ರಿ ಸಾ," ಅಂದೆ.

"ಕುರಿ ಸತ್ರೆ ಸಾರಾದ್ರೂ ಆಗ್ತೈತೆ. ಸರಿಯಾಗಿ ಕೇಳು. ಕಟ್ಟು ಮುಚ್ಚಬ್ಯಾಡ. ಕಟ್ಟಿದವನು ಜೊತೆಗೇ ಹೋಗ್ಬೇಕು, ಹೊತ್ತೊತ್ತಿಗೆ ಸಡ್ಲ ಮಾಡ್ಬೇಕು. ಇಲ್ದಿದ್ರೆ ಕಾಲು ಸಾಯ್ತೈತೆ."

ನನಗೆ ಆಕಳಿಕೆ ಬಂತು. ರಕ್ತ ನಿಂತರೆ ಮುಗಿಯಿತಲ್ಲ, ಇಷ್ಟುದ್ದ ಮಾತು ಯಾಕೆ?

ಮೊನ್ನೆ ಈರಣ್ಣ ಮಾವ ಹೊಸ ಕಂಬಳಿ ಕಳಿಸಿದ. ಅದಕ್ಕೇ ಇದೆಲ್ಲ ನೆನಪಾಯಿತು. ಹೊಸ ಕಂಬಳಿ ಹೊದ್ದವರಾದರೆ ನೂಲಿಗೆ ಹಚ್ಚುವ ಹುಣಸೆಬೀಜದ ಗಂಜಿಯ ಆ ವಾಸನೆ ನಿಮಗೂ ಗೊತ್ತಿರುತ್ತದೆ. ನೂಲು ಮಾವನೇ ತೆಗೆದದ್ದು. ಈಗ ಅವನಿಗೆ ಕೂತು ಮಾಡುವ ಕೆಲಸ ಅದೊಂದೇ.

ರೈಲು ಬರಲಿಲ್ಲ. ಯುದ್ಧ ಮುಗಿಯಿತು. ತಿಂಗಳೊಪ್ಪತ್ತಿಗೆ ನಾನು ರಜೆಯಲ್ಲಿದ್ದಾಗ, ಜವನಗೊಂಡನಹಳ್ಳಿ ಹತ್ತಿರ ಕುರಿ ದಾಟಿಸುತ್ತಿದ್ದ ಮಾವನಿಗೆ ಲಾರಿ ಬಡಿಯಿತು. ನಾನು ಪಕ್ಕದಲ್ಲೇ ಇದ್ದೆ. ರಕ್ತ ಹರಿಯುತ್ತಿದ್ದ ಕಾಲಿಗೆ ಟವೆಲ್ ಸುತ್ತಿ ಕೋಲು ತಿರುವಿದೆ. ರಕ್ತ ನಿಂತಿತು. ಸುಳ್ಳು ಯಾಕೆ, ಹೆಮ್ಮೆಯಾಯಿತು.

ಮಾವ ನಡುಗುತ್ತಿದ್ದ. ನಮ್ಮಲ್ಲಿ ಪೆಟ್ಟಾದವರಿಗೆ ಮೊದಲು ಕಂಬಳಿ ಹೊದಿಸುತ್ತೇವೆ. ಅವನದನ್ನೇ ಕಾಲಿನವರೆಗೂ ಹೊದಿಸಿ ಇನ್ನೊಂದು ಲಾರಿಗೆ ಹತ್ತಿಸಿದೆ.

"ಲೇ ಅಳಿಯ, ನೀನ್ ಬರಬ್ಯಾಡ. ಕುರಿ ಚೆದುರ್ಯಾವೆ, ಕೂಡಿಸ್ಕಳಲೇ," ಅಂದ.

ಕೂಡಿಸಿದೆ. ಒಂದೂ ತಪ್ಪಿಸಲಿಲ್ಲ.

ಲಾರಿ ಹೊತ್ತಿಗೆ ಸರಿಯಾಗಿ ದುರ್ಗದ ಆಸ್ಪತ್ರೆ ಮುಟ್ಟಲಿಲ್ಲ, ನಡುದಾರಿಯಲ್ಲಿ ಕೆಟ್ಟು ಸಂಜೆವರೆಗೂ ನಿಂತಿತು. ಕಂಬಳಿಯೊಳಗೆ ಕಾಲಿಗೆ ಕಟ್ಟು ಇದೆ ಎಂದು ಡ್ರೈವರಿಗೆ ಹೇಳಿದವರಿಲ್ಲ. ಸಡಿಲಿಸಿದವರೂ ಇಲ್ಲ. ರಾತ್ರಿ ಆಸ್ಪತ್ರೆಯಲ್ಲಿ ಕಾಲು ತೆಗೆದರು.

ಆಮೇಲೆ ಮಾವ ಬಂದವರಿಗೆಲ್ಲ ಹೇಳುತ್ತಿದ್ದ: "ನಮ್ಮಳಿಯ ಇರ್ಲಿಲ್ಲಾಂದ್ರೆ ನಾನೆಲ್ಲಿರ್ತಿದ್ನಪ್ಪ?" ನಾನು ಇಷ್ಟು ವರ್ಷ ತಲೆ ಬಗ್ಗಿಸಿ ಕೇಳಿದೆ.

ನಿನ್ನೆ ಕಂಬಳಿ ಹೊತ್ತುಕೊಂಡು ಹೋಗಿ ಎಲ್ಲಾ ಹೇಳಿಬಿಟ್ಟೆ. ಮಾವನ ಕೈಯಲ್ಲಿ ಕದಿರು ನಿಂತಿತು.

"ಸಡ್ಲ ಮಾಡಿದ್ರೆ ಕಾಲು ಉಳಿತಿತ್ತೇನಲೇ?"

"ಉಳಿಬೋದಿತ್ತು ಮಾವ."

ಮತ್ತೆ ನೂಲು ಎಳೆದ.

"ಯಾರ್ಗೂ ಹೇಳಬ್ಯಾಡ. ಅಳಿಯ ಪ್ರಾಣ ಉಳಿಸ್ದ ಅಂತ ಊರಿಗೆಲ್ಲ ಹೇಳೀನಿ. ಆ ಕಂಬಳಿ ತಗಂಡೋಗು, ಚಳಿ ಐತೆ."

ಯಾರಿಗೂ ಹೇಳಬೇಡ ಅಂದಿದ್ದ. ನಿಮಗೆ ಹೇಳಿದ್ದೇನೆ. ಮಾವನಿಗೆ ಓದಲು ಬರುವುದಿಲ್ಲ. ಕಂಬಳಿ ಮೂಲೆಯಲ್ಲಿದೆ, ನಾನಿನ್ನೂ ಹೊದ್ದಿಲ್ಲ. ಇಷ್ಟೇ, ಇನ್ನು ಹೇಳುವುದಕ್ಕೇನೂ ಇಲ್ಲ.