ನಾಯಿಗೆ ಗೊತ್ತಿದ್ದ ಹತ್ತು ಮಾತು

ನನ್ನ ಮಗಳಿಗೆ ಹುಟ್ಟಿನಿಂದಲೇ ಕಿವಿ ಕೇಳುವುದಿಲ್ಲ. ಹಾಗಾಗಿ ಮಾತೂ ಬರಲಿಲ್ಲ. ನಾರಾಯಣಪೇಟೆಯ ನಮ್ಮ ಓಣಿಯಲ್ಲಿ ಬೆಳಗಾದರೆ ಸಾಕು, ಮಗ್ಗಗಳ ಸಪ್ಪಳ. ಅವಳು ನನ್ನ ಮಗ್ಗದ ಕಟ್ಟಿಗೆಗೆ ಅಂಗೈ ಒತ್ತಿಕೊಂಡು ಕೂತಿರುತ್ತಿದ್ದಳು. ನಾನು ಲಾಳಿ ಎಸೆದು ಹಲಗೆ ಬಡಿದಾಗಲೆಲ್ಲ ಅವಳ ಕೈ ಸಣ್ಣಗೆ ಅದುರುತ್ತಿತ್ತು. ಅವಳ ಪಾಲಿಗೆ ಬಂದ ಸದ್ದು ಅಷ್ಟೇ.

ಅವಳಿಗೆ ಎರಡು ವರ್ಷವಿದ್ದಾಗ ಅವಳ ತಾಯಿ ತೀರಿಕೊಂಡಳು. ಅದನ್ನು ಮಗಳಿಗೆ ನಾನು ಹೇಳಲಿಲ್ಲ. ಹೇಳಲು ಬರಲಿಲ್ಲ ಎನ್ನುವುದೇ ಸರಿ. ಕೆಲವು ದಿನ ಅವಳು ಒಲೆಯ ಕಡೆ, ಬಾಗಿಲ ಕಡೆ ನೋಡಿದಳು. ಆಮೇಲೆ ನೋಡುವುದನ್ನು ಬಿಟ್ಟಳು.

ನಾಯಿ ಬಂದದ್ದು ಅವಳಿಗೆ ಐದು ತುಂಬಿದಾಗ. ನೂಲಿಗೆ ಬಣ್ಣ ಹಾಕುವವರ ಮನೆ ಮುಂದೆ, ಕೆಂಪು ನೀರಿನ ಮೋರಿಯಲ್ಲಿ ಬಿದ್ದಿದ್ದ ಮರಿ. ಎದೆಗೆ ಅವಚಿಕೊಂಡು ತಂದಳು. ಮೈ ತೊಳೆದರೂ ಅದರ ಒಂದು ಕಿವಿ ತಿಂಗಳುಗಟ್ಟಲೆ ಕೆಂಪಾಗಿಯೇ ಇತ್ತು. ಅವಳು ತನ್ನ ಕಿವಿಯನ್ನು ಎರಡು ಬೆರಳಲ್ಲಿ ಹಿಡಿದು ಜಗ್ಗಿದರೆ ‘ನಾಯಿ’ ಎಂದರ್ಥ. ಅದೇ ಅದರ ಹೆಸರಾಯಿತು.

ಅಂಗೈ ನೆಲಕ್ಕೆ ತೋರಿಸಿದರೆ ಕೂತುಕೊ. ಎದೆ ತಟ್ಟಿಕೊಂಡರೆ ಬಾ. ಬೆರಳೆಲ್ಲ ಬಾಯಿಗೆ ತಂದರೆ ಉಣ್ಣು. ಹೀಗೆ ಹತ್ತು ಮಾತು. ಅವಳು ಕಲಿಸಿದ್ದು ನಾಯಿಗೆ. ನಾನು ಮಗ್ಗದ ಕುಣಿಯಲ್ಲಿ ಕೂತು ನೋಡುತ್ತ ಕಲಿತೆ. ಹಿಂದಿನಿಂದ ಮೋಟಾರು ಸೈಕಲ್ಲು ಬಂದರೆ ನಾಯಿ ಅವಳ ಮೊಣಕಾಲಿಗೆ ಮೈ ಒತ್ತಿ ಗೋಡೆಯ ಕಡೆ ಸರಿಸುತ್ತಿತ್ತು. ನಾನು ಕೂಗಿದರೆ ಅದು ನನ್ನ ಮುಖ ನೋಡಿ, ಓಡಿ ಹೋಗಿ ಅವಳ ಲಂಗ ಹಿಡಿದು ಎಳೆಯುತ್ತಿತ್ತು. ಮಗಳನ್ನು ಕರೆಯಬೇಕಾದರೆ ನಾನು ನಾಯಿಯನ್ನು ಕರೆಯುತ್ತಿದ್ದೆ.

ಹತ್ತನೇ ವರ್ಷಕ್ಕೆ ಅವಳನ್ನು ಗದ್ವಾಲದಲ್ಲಿ ಕಿವಿ ಕೇಳದ ಮಕ್ಕಳ ಹಾಸ್ಟೆಲ್ ಶಾಲೆಗೆ ಸೇರಿಸಿದೆ. ಬಿಟ್ಟು ಬಂದ ಸಂಜೆ ಪಕ್ಕದ ಮನೆಯ ಅಕ್ಕ ಬಾಗಿಲಿಗೆ ಬಂದು, “ಇನ್ನ ನಿನಗ ಆರಾಮ ಆತು ಬಿಡಪ್ಪ” ಅಂದಳು. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ನಾಯಿ ಹೊಸ್ತಿಲ ಮೇಲೆ ಮಲಗಿ ರಸ್ತೆ ನೋಡುತ್ತಿತ್ತು. ನಾನು ಎರಡು ರೊಟ್ಟಿ ಬಡಿದು ಒಂದನ್ನು ಅದಕ್ಕೆ ಹಾಕಿದೆ. ಅದು ಮೂಸಿ ನೋಡಿ ಬಿಟ್ಟಿತು.

ಮೊದಲ ರಜೆಗೆ ಬಂದಾಗ ಅವಳ ಕೈಗಳು ಬೇರೆಯೇ ಆಗಿದ್ದವು. ನನ್ನ ಫೋನಿನಲ್ಲಿ ಶಾಲೆಯ ಗೆಳತಿಯ ಮುಖ ನೋಡುತ್ತ ತಾಸುಗಟ್ಟಲೆ ಕೈಯಲ್ಲಿ ಮಾತಾಡಿದಳು, ನಕ್ಕಳು. ಅಷ್ಟು ಮಾತು ನನ್ನ ಮಗಳೊಳಗೆ ಇತ್ತೆಂದು ನನಗೆ ಗೊತ್ತಿರಲಿಲ್ಲ. ನಾನು ಎದುರು ಕೂತಿದ್ದೆ. ನಾಯಿ ಅವಳ ಕೈ ನೋಡುವುದು, ನನ್ನ ಮುಖ ನೋಡುವುದು. ನಮ್ಮಿಬ್ಬರ ಜೊತೆ ಮಾತ್ರ ಅವಳು ಆ ಹಳೆಯ ಹತ್ತು ಮಾತನ್ನೇ ಆಡುತ್ತಿದ್ದಳು. ನಿಧಾನವಾಗಿ, ಸಣ್ಣ ಮಕ್ಕಳಿಗೆ ಹೇಳುವ ಹಾಗೆ.

ಎರಡು ವರ್ಷ ಹೀಗೇ ನಡೆಯಿತು. ಮೊನ್ನೆಯ ಚಳಿಗಾಲದಲ್ಲಿ ನಾಯಿ ಕೂಳು ಬಿಟ್ಟಿತು. ದನದ ಡಾಕ್ಟರು ಸೂಜಿ ಹಾಕಿದರು. ಮೂರನೇ ದಿನ ಬೆಳಿಗ್ಗೆ ಏಳಲಿಲ್ಲ. ಊರ ಹೊರಗಿನ ಬಯಲಲ್ಲಿ ಬೇವಿನ ಗಿಡದ ಬುಡಕ್ಕೆ ನಾನೇ ಗುಂಡಿ ತೋಡಿ ಮಣ್ಣು ಮಾಡಿದೆ.

ಆ ಭಾನುವಾರ ಮಗಳು ವಾರ್ಡನ್ನರ ಫೋನಿನಿಂದ ವಿಡಿಯೋ ಕಾಲ್ ಮಾಡಿ ಕಿವಿ ಜಗ್ಗಿದಳು. ನಾನು ಹೊರಗೆ ಬೆರಳು ತೋರಿಸಿದೆ. ಮುಂದಿನ ಭಾನುವಾರ ಮತ್ತೆ ಕಿವಿ ಜಗ್ಗಿ, ಎದೆ ತಟ್ಟಿಕೊಂಡಳು. ಕರೆ ಅದನ್ನ, ಎಂದು. ನಾನು ಮತ್ತೆ ಹೊರಗೆ ತೋರಿಸಿದೆ. ಅವಳು ಬಹಳ ಹೊತ್ತು ನನ್ನ ಮುಖ ನೋಡಿದಳು.

ಮರುದಿನ ಮಗ್ಗ ನಿಲ್ಲಿಸಿ ಗದ್ವಾಲಕ್ಕೆ ಹೊರಟೆ. ಮಕ್ತಲದಲ್ಲಿ ಬಸ್ಸು ಬದಲಿಸಿ, ಜೂರಾಲ ಅಣೆಕಟ್ಟು ದಾಟುವಾಗ ನೀರಿನ ಕಡೆ ಮುಖ ಮಾಡಿ ಕೂತು, ಅವಳಿಗೆ ಹೇಗೆ ಹೇಳಲಿ ಎಂದು ಕೈ ಆಡಿಸಿ ನೋಡಿಕೊಂಡೆ. ಪಕ್ಕದವನು ನನ್ನನ್ನೇ ನೋಡುತ್ತಿದ್ದ.

ಶಾಲೆಯ ಮೇಡಂ ರಾಯಚೂರಿನ ಕಡೆಯವರು. “ನೀವು ಕೂಡ್ರಿ, ನಾ ಹೇಳ್ತೀನಿ ಅಕಿಗೆ” ಅಂದರು.

“ಬ್ಯಾಡ್ರಿ ಮೇಡಂ. ನಾನ ಹೇಳಬೇಕು. ಸತ್ತು ಹೋತು ಅನ್ನಾಕ ಹೆಂಗ ಮಾಡಬೇಕು, ತೋರಸ್ರಿ.”

ಆಕೆ ಎರಡು ಸಲ ಮಾಡಿ ತೋರಿಸಿದರು. ನಾನು ಹತ್ತು ಸಲ ಮಾಡಿದೆ. ಅಷ್ಟರಲ್ಲಿ ಮಗಳು ಅಂಗಳದಿಂದ ಓಡಿ ಬಂದಳು.

ಕಿವಿ ಜಗ್ಗಿದೆ. ಆಮೇಲೆ ಕಲಿತದ್ದನ್ನು ಮಾಡಿದೆ. ನನ್ನ ಕೈ ತಪ್ಪಿರಬೇಕು. ಅವಳು ನಕ್ಕು, ಮಾಸ್ತರಿಣಿಯ ಹಾಗೆ ನನ್ನ ಬೆರಳು ಹಿಡಿದು ಸರಿಯಾಗಿ ತಿರುಗಿಸಿದಳು. ತಿರುಗಿಸಿದ ಮೇಲೆ ಅದು ಯಾವ ಮಾತು ಎಂಬುದು ಅವಳಿಗೆ ತಿಳಿಯಿತು. ನನ್ನ ಬೆರಳು ಬಿಡಲಿಲ್ಲ.

ಅಳುವಾಗ ಅವಳಿಂದ ಸದ್ದು ಬರುತ್ತದೆ. ಆ ಸದ್ದು ಅವಳಿಗೇ ಗೊತ್ತಿಲ್ಲ. ಅಂಗಳದಲ್ಲಿ ಉಳಿದ ಮಕ್ಕಳು ಆಡುತ್ತಲೇ ಇದ್ದರು. ಕೇಳಿಸಿಕೊಂಡವರು ನಾನು ಮತ್ತು ಮೇಡಂ ಇಬ್ಬರೇ.

ಅತ್ತು ಮುಗಿದ ಮೇಲೆ ಅವಳು ತನ್ನ ಮೂಗಿನ ಮೇಲೆ, ಮೂಗುತಿಯ ಜಾಗದಲ್ಲಿ ಬೆರಳಿಟ್ಟಳು. ಆಮೇಲೆ ಅದೇ ಮಾತು. ಹುಬ್ಬು ಮೇಲೆತ್ತಿ ನನ್ನನ್ನು ನೋಡಿದಳು.

“ತಾಯಿ ಬಗ್ಗೆ ಕೇಳಾಕತ್ಯಾಳ್ರಿ” ಅಂದರು ಮೇಡಂ ಮೆಲ್ಲಗೆ.

ನನಗೆ ತಿಳಿದಿತ್ತು. ಹೌದೆಂದು ತಲೆ ಆಡಿಸಿದೆ. ಹತ್ತು ವರ್ಷ ತಡವಾಗಿತ್ತು. ಅವಳು ಈ ಸಲ ಅಳಲಿಲ್ಲ. ತನಗೆ ಗೊತ್ತಿದ್ದದ್ದನ್ನೇ ನನ್ನಿಂದ ಕೇಳಬೇಕಿತ್ತೇನೋ.

ಈಗ ಭಾನುವಾರಕ್ಕೆ ಎರಡೋ ಮೂರೋ ಮಾತು ಕಲಿಸುತ್ತಾಳೆ. ನಾನು ಮುಂದಿನ ವಾರಕ್ಕೆ ಒಂದನ್ನು ಮರೆತಿರುತ್ತೇನೆ. ಅವಳಿಗೆ ಸಿಟ್ಟು ಬರುತ್ತದೆ, ಫೋನು ವಾಪಸು ಕೊಟ್ಟು ಹೋಗಿಬಿಡುತ್ತಾಳೆ. ಮನೆಯಲ್ಲಿ ಕೂಗಿ ಕರೆಯಲು ಯಾರೂ ಇಲ್ಲ. ಎಷ್ಟೋ ದಿನ ಬೆಳಗಿನಿಂದ ಸಂಜೆಯವರೆಗೆ ನನ್ನ ದನಿ ನನಗೂ ಕೇಳುವುದಿಲ್ಲ.

ಬೇಸಿಗೆ ರಜೆಗೆ ಬಂದಾಗ ಅವಳನ್ನು ಬೇವಿನ ಗಿಡದ ಹತ್ತಿರ ಕರೆದುಕೊಂಡು ಹೋದೆ. ಅವಳು ಮಣ್ಣಿನ ಎದುರು ಕುಕ್ಕರುಗಾಲಲ್ಲಿ ಕೂತು ಕೈ ಎತ್ತಿ ಮಾತಾಡತೊಡಗಿದಳು. ಗೆಳತಿಯ ಜೊತೆ ಆಡುತ್ತಿದ್ದಳಲ್ಲ, ಆ ಹೊಸ ಮಾತು, ಅದೇ ವೇಗ. ಬಹಳ ಹೊತ್ತು ಆಡಿದಳು. ನನಗೆ ‘ಬಸ್ಸು’ ಮತ್ತು ‘ಅನ್ನ’ ಎರಡೇ ತಿಳಿದವು. ಉಳಿದದ್ದನ್ನು ನಾನು ಕೇಳಲಿಲ್ಲ. ಬಿಸಿಲು ಏರುತ್ತಿತ್ತು. ಹೆಗಲ ಮೇಲಿನ ಟವಲು ತೆಗೆದು ಅವಳ ತಲೆಗೆ ಹೊದಿಸಿ, ಮುಗಿಯಲಿ ಎಂದು ನಿಂತುಕೊಂಡೆ.