ಬೀದಿ ಕಡೆಯ ಗೋಡೆ

ನಮ್ಮಕ್ಕ ರಿಪೇರಿ ದರ್ಜಿ. ಹೊಸ ಬಟ್ಟೆ ಹೊಲಿಯುವವರ ಗತ್ತೇ ಬೇರೆ, ಅದು ಅವಳಿಗಿಲ್ಲ. ಹರಿದದ್ದು, ಹೊಲಿಗೆ ಬಿಟ್ಟದ್ದು, ಉಟ್ಟವರು ದಪ್ಪಗಾಗಿ ಬಿಗಿಯಾದದ್ದು, ಜಿಪ್ ಕೈಕೊಟ್ಟದ್ದು, ಇವೆಲ್ಲ ಅವಳ ಪಾಲಿಗೆ. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ನಾವಿಬ್ಬರೂ ಇದ್ದ ಬಾಡಿಗೆ ಕೋಣೆಗೆ ಅಗಲವಾದ ತಗ್ಗು ಕಿಟಕಿಯೊಂದಿತ್ತು. ಅದಕ್ಕೆ ಒತ್ತಿಕೊಂಡೇ ಮೆಷಿನ್ನು. ಗಿರಾಕಿಗಳು ಒಳಗೆ ಕಾಲಿಡುತ್ತಲೇ ಇರಲಿಲ್ಲ. ಬೀದಿಯಲ್ಲೇ ನಿಂತು ಬಟ್ಟೆಯನ್ನು ಕಿಟಕಿಯೊಳಗೆ ತೂರಿಸಿ, "ಅಕ್ಕಾ, ಸಂಜೆಗೆ ಬೇಕು" ಎನ್ನುವರು. ಅವಳಿಗಿಂತ ಹಿರಿಯರಿಗೂ ಅವಳು ಅಕ್ಕನೇ. ಬೀದಿಗೆಲ್ಲ 'ಕಿಟಕಿ ಅಕ್ಕ'.

ಅಮ್ಮ ಹೋದಾಗ ನನಗಿನ್ನೂ ಹಾಲುಹಲ್ಲು. ನನ್ನನ್ನು ಸಾಕಿ, ಓದಿಸಿ, ಹೋಟೆಲಿನ ರಿಸೆಪ್ಷನ್‌ನಲ್ಲಿ ಕೂರುವಷ್ಟು ಮನುಷ್ಯಳನ್ನಾಗಿ ಮಾಡಿದವಳು ಅಕ್ಕ. ಅವಳಿಗೆ ಬಾರದ ಕೆಲಸವೆಂದರೆ ಒಂದೇ, ತನಗೆ ಬೇಕಾದದ್ದನ್ನು ಕೇಳುವುದು. ಗಾರ್ಮೆಂಟ್ಸಿನಲ್ಲಿ ಕೆಲಸಕ್ಕಿದ್ದಾಗ ಶೌಚಾಲಯದ ಬಾಗಿಲ ಪಕ್ಕದ ಮೆಷಿನ್ನು ಕೊಟ್ಟರು. ಆ ಫ್ಯಾಕ್ಟರಿ ಮುಚ್ಚುವ ತನಕ ತುಟಿ ಪಿಟಕ್ಕೆನ್ನದೆ ಅಲ್ಲೇ ಕೂತು ಹೊಲಿದಳು. ನೆಂಟರ ಮನೆಯಲ್ಲಿ ಬಡಿಸುವವರು ಅವಳ ತಟ್ಟೆ ದಾಟಿ ಹೋದರೆ, ಖಾಲಿ ತಟ್ಟೆಯ ಮುಂದೆ ನಗುತ್ತ ಕೂರುವ ಪೈಕಿ ಅವಳು. "ಅಳೋ ಮಗುವಿಗೇ ಹಾಲು ಕಣಕ್ಕಾ" ಎಂದು ಹೇಳಿ ಹೇಳಿ ನನ್ನ ಬಾಯಿ ನೋಯಿತೇ ಹೊರತು ಅವಳು ಬಾಯಿ ಬಿಡಲಿಲ್ಲ. ನಾನು ಇದಕ್ಕೆ ತದ್ವಿರುದ್ಧ. ನನಗೆ ಕೋಪ ಮೂಗಿನ ತುದಿಯಲ್ಲೇ. ಇಬ್ಬರನ್ನೂ ಹೆತ್ತವಳು ಒಬ್ಬಳೇ ಎಂದರೆ ಯಾರೂ ನಂಬುವುದಿಲ್ಲ.

ಹೀಗಿರುವಾಗ ಕೋಣೆಯ ಮಾಲೀಕರು ಕಟ್ಟಡ ಕೆಡವುತ್ತೇವೆ, ಬೇರೆ ಕಡೆ ನೋಡಿಕೊಳ್ಳಿ ಎಂದರು. ನಮ್ಮ ಚರ್ಚಿನ ಪಾದ್ರಿಗಳಿಗೆ ವಿಷಯ ಮುಟ್ಟಿತು. ಅಕ್ಕ ಹೇಳಿದ್ದಲ್ಲ, ನಾನು ಹೇಳಿದ್ದು. ಅದೇ ಹೊತ್ತಿಗೆ ಹೊರದೇಶದ ಒಂದು ಚರ್ಚಿನ ಯುವಜನ ಸಂಘದವರು ತಮ್ಮ ರಜೆಯಲ್ಲಿ ಬಂದು, ಯಾರಾದರೂ ಬಡವರಿಗೆ ಮನೆ ಕಟ್ಟಿಕೊಟ್ಟು ಹೋಗುತ್ತೇವೆ ಎಂದು ಪತ್ರ ಬರೆದಿದ್ದರಂತೆ. ನಮ್ಮದೇ ಬೀದಿಯಲ್ಲಿ, ನಾಲ್ಕು ಮನೆ ಆಚೆ, ಮುರಿದ ಬೆಂಚುಗಳನ್ನು ಗುಡ್ಡೆ ಹಾಕಿದ್ದ ಚರ್ಚಿನ ತುಂಡು ಜಾಗ ಇತ್ತು. ಪಾದ್ರಿಗಳು ಬೆಂಚು ತೆಗೆಸಿ, "ಇಲ್ಲೇ ಕಟ್ಟಲಿ" ಎಂದುಬಿಟ್ಟರು. ನಾನು ಕುಣಿದಾಡಿದೆ. ಅದೇ ಬೀದಿ, ಅದೇ ಜನ, ಮೇಲೊಂದು ಸ್ವಂತ ಸೂರು. ಇನ್ನೇನು ಬೇಕು?

ಬಂದವರು ಹನ್ನೆರಡು ಹದಿಮೂರು ಮಂದಿ, ಎಲ್ಲ ಕಾಲೇಜು ಹುಡುಗ ಹುಡುಗಿಯರು. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅನ್ನುತ್ತಾರೆ. ಇವರು ಮದುವೆಯ ವಯಸ್ಸಿಗೆ ಬರುವ ಮೊದಲೇ ಬೇರೆಯವರ ಮನೆ ಕಟ್ಟಲು ವಿಮಾನ ಹತ್ತಿ ಬಂದಿದ್ದರು. ಅವರನ್ನು ಕರೆತಂದವರು ಬೋಳುತಲೆಯ, ಮೆದು ಮಾತಿನ ಒಬ್ಬ ಮೇಷ್ಟ್ರು. ಹೋಟೆಲಿನಲ್ಲಿ ಅವರ ಭಾಷೆ ಆಡಿ ನನಗೆ ಅಭ್ಯಾಸವಿದ್ದುದರಿಂದ ಮಾತು ದಾಟಿಸುವ ಕೆಲಸ ನನ್ನ ಹೆಗಲಿಗೆ ಬಿತ್ತು. ನಾನೂ ಹೋಟೆಲಿಗೆ ರಜೆ ಹಾಕಿದೆ.

ಮೊದಲ ದಿನವೇ ಮೇಷ್ಟ್ರು ನಮ್ಮ ಕೋಣೆ ನೋಡಲು ಬಂದರು. ಅವರು ನೋಡಿದ್ದು ಏನನ್ನು? ಕಿಟಕಿಯಿಂದ ನುಗ್ಗುವ ಬಸ್ಸಿನ ಹೊಗೆ, ಮೆಷಿನ್ ಮೇಲಿನ ಧೂಳು, ಒಂದರ ಹಿಂದೆ ಒಂದರಂತೆ ತಲೆ ತೂರಿಸಿ ಕೂಗುವ ಜನ, ನಡುವೆ ಕೆಮ್ಮುತ್ತ ನಗುತ್ತ ಕೂತ ನಮ್ಮಕ್ಕ. ಪಾಪ, ಅವರ ಕಣ್ಣು ತುಂಬಿಬಂತು. ಮರುದಿನ ಬೆಳಿಗ್ಗೆ ಮನೆಯ ನಕ್ಷೆಯನ್ನೇ ಬದಲಿಸಿಕೊಂಡು ಬಂದಿದ್ದರು. ಹೊಲಿಗೆಯ ಕೋಣೆ ಹಿಂದಕ್ಕೆ, ಹಿತ್ತಲ ಕಡೆಗೆ. ಬಾಗಿಲು ಪಕ್ಕದ ಓಣಿಯಿಂದ. ಬೀದಿ ಕಡೆಗೆ ಕಿಂಡಿಯೂ ಇಲ್ಲದ ಗಟ್ಟಿ ಗೋಡೆ. "ಇಷ್ಟು ವರ್ಷ ಬೀದಿಯ ಬಾಯಲ್ಲಿ ಕೂತು ದುಡಿದಿದ್ದಾರೆ. ಇನ್ನಾದರೂ ನೆಮ್ಮದಿಯಾಗಿರಲಿ. ನಾವೆಲ್ಲ ಪ್ರಾರ್ಥನೆ ಮಾಡಿ ತೀರ್ಮಾನಿಸಿದ್ದೇವೆ" ಎಂದರು. ಹುಡುಗರು ಚಪ್ಪಾಳೆ ತಟ್ಟಿದರು.

ನಾನು ಆ ಮಾತನ್ನು ಅಕ್ಕನಿಗೆ ದಾಟಿಸಿದೆ. ಅವಳ ಮುಖದ ನಗು ಅಲ್ಲೇ ಇತ್ತು, ಬಣ್ಣ ಮಾತ್ರ ಇಳಿದುಹೋಯಿತು. "ಒಳ್ಳೇದಾಗ್ಲಿ ಅವರಿಗೆ ಅಂತ ಹೇಳು" ಎಂದಳು.

ಮನೆಗೆ ಬಂದು ಬಾಗಿಲು ಹಾಕಿದ ಕೂಡಲೇ ನಾನು ಹರಿಹಾಯ್ದೆ. "ಗೋಡೆ ಹಿಂದೆ ಕೂತ್ರೆ ಬಟ್ಟೆ ಯಾರು ತಂದುಕೊಡ್ತಾರೆ? ಓಣಿ ಸುತ್ತಿ, ಬಾಗಿಲು ಬಡಿದು, ಒಂದು ಗುಂಡಿ ಹಾಕಿಸ್ಕೊಳ್ಳೋಕೆ ಯಾರಿಗೆ ಪುರುಸೊತ್ತಿದೆ? ನಾಳೆನೇ ಹೇಳ್ತೀನಿ ಆ ಮೇಷ್ಟ್ರಿಗೆ."

"ಬೇಡ."

"ಯಾಕೆ ಬೇಡ?"

"ಧರ್ಮಕ್ಕೆ ದಟ್ಟಿ ಕೊಟ್ರೆ ಹಿತ್ತಲಿಗೆ ಹೋಗಿ ಮೊಳ ಹಾಕಿದ್ರಂತೆ. ಅಂಥವಳು ಅನ್ನಿಸ್ಕೊಳ್ಳೋಕೆ ನಂಗಿಷ್ಟ ಇಲ್ಲ. ಅಷ್ಟು ದೂರದಿಂದ ಬಂದಿವೆ ಮಕ್ಕಳು."

"ಹಾಗಾದ್ರೆ ನಾನು ಹೇಳ್ತೀನಿ, ನೀನು ಸುಮ್ನಿರು."

"ನೀನು ಒಂದು ಮಾತು ಹೇಳಿದ್ರೂ ನನ್ನಾಣೆ" ಎಂದಳು. ಹೆತ್ತವಳಂತೆ ಸಾಕಿದವಳು ಆಣೆ ಇಟ್ಟ ಮೇಲೆ ಮುಗಿಯಿತು. ದುಭಾಷಿಯ ಬಾಯಿಗೇ ಬೀಗ.

ಕೆಲಸ ಶುರುವಾಯಿತು. ಹುಡುಗರನ್ನು ಬೈಯೋಣವೆಂದರೆ ಬಯ್ಯಲೂ ಮನಸ್ಸು ಬರದು, ಅಷ್ಟು ಒಳ್ಳೆಯವು. ಬಿಸಿಲಿಗೆ ಕೆಂಪಗಾಗಿ, ಸಿಮೆಂಟಿನಲ್ಲಿ ಮಿಂದು, ಹಾಡು ಹೇಳಿಕೊಂಡು ಇಟ್ಟಿಗೆ ಸಾಗಿಸುತ್ತಿದ್ದವು. ಪಾದ್ರಿಗಳು ಗೊತ್ತುಮಾಡಿದ್ದ ಗಾರೆ ಮೇಸ್ತ್ರಿ ಹೇಳಿದಂತೆ ಕೇಳುತ್ತಿದ್ದವು. ಅವನು ಏನು ಹೇಳುತ್ತಿದ್ದಾನೆಂದು ತಿಳಿಯದಿದ್ದಾಗಲೂ ತಲೆ ಆಡಿಸುತ್ತಿದ್ದವು, ಹಾಗಾಗಿ ಕೆಲವು ಸಾಲು ಎರಡೆರಡು ಸಲ ಕಟ್ಟಬೇಕಾಯಿತು. ಅವರಲ್ಲೊಬ್ಬಳು ಬಿದಿರಿನಂಥ ಹುಡುಗಿ. ಏಣಿಯಿಲ್ಲದೆ ಎಲ್ಲರಿಗಿಂತ ಎತ್ತರಕ್ಕೆ ಕೈ ಹೋಗುತ್ತಿತ್ತು. ಅಕ್ಕ ಅವಳನ್ನು 'ಉದ್ದಕ್ಕ' ಎಂದು ಕರೆಯತೊಡಗಿದಳು, ಕೊನೆಗೆ ಮೇಷ್ಟ್ರೂ ಹಾಗೇ ಕರೆದರು. ಅಕ್ಕ ಚಹಾ ಮಾಡಿ ತರುವಳು, ಮೊಣಕಾಲಲ್ಲಿ ಹರಿದ ಅವರ ಪ್ಯಾಂಟುಗಳಿಗೆ ತೇಪೆ ಹಾಕುವಳು. ಆ ದಿನಗಳಲ್ಲಿ ಅವಳು ಸಂತೋಷವಾಗಿಯೇ ಇದ್ದಳು, ಸುಳ್ಳು ಹೇಳಲಾರೆ. ಮನೆ ತುಂಬ ಮಕ್ಕಳಿದ್ದ ಹಾಗಿತ್ತು.

ಆದರೆ ಬೀದಿ ಕಡೆಯ ಗೋಡೆ ಏಳುತ್ತಿತ್ತು. ಅದು ಸೊಂಟದ ಎತ್ತರ ದಾಟಿದ ದಿನ, ಹುಡುಗರು ಊಟಕ್ಕೆ ಹೋಗಿದ್ದಾಗ, ಅಕ್ಕ ಒಂದು ಬಾಂಡ್ಲಿಯನ್ನು ಬೋರಲು ಹಾಕಿ ಗೋಡೆಗೆ ಎದುರಾಗಿ ಕೂತಳು. ಮೆಷಿನ್ ಮುಂದೆ ಕೂರುವ ಹಾಗೆಯೇ, ಬೆನ್ನು ನೆಟ್ಟಗೆ, ಕೈ ಎರಡೂ ಮುಂದೆ. ಮೂಗಿನ ನೇರಕ್ಕೆ ಇಟ್ಟಿಗೆ. ಆಚೆ ಬೀದಿಯಲ್ಲಿ ಯಾರೋ ನಗುತ್ತ ಹೋದರು. ಅಕ್ಕ ಕತ್ತು ಉದ್ದ ಮಾಡಿದಳು, ಏನೂ ಕಾಣಲಿಲ್ಲ. ನಾನು ನೋಡುತ್ತಿದ್ದೇನೆಂದು ತಿಳಿದು ಸೆರಗಿನ ಧೂಳು ಕೊಡವುತ್ತ ಎದ್ದಳು. ಆಣೆ ಮುರಿದೇಬಿಡೋಣವೆಂದು ಮೇಷ್ಟ್ರನ್ನು ಹುಡುಕಿಕೊಂಡು ಹೊರಟೆ, ಅರ್ಧ ದಾರಿಗೇ ತಿರುಗಿ ಬಂದೆ.

ಗೋಡೆಗಳು ಪೂರ್ತಿ ಎದ್ದವು. ಮಾಳಿಗೆ ಹಾಕುವುದು, ಗಾರೆ ಮಾಡುವುದು ಬಾಕಿ. ಆಗ ತಿಳಿಯಿತು ಈ ಸಂಘದವರ ಒಂದು ಪದ್ಧತಿ. ಎಲ್ಲಿ ಮನೆ ಕಟ್ಟಿದರೂ ಗಾರೆಯ ಮೊದಲು ಮುಂಭಾಗದ ಗೋಡೆಯ ಮೇಲೆ ಒಬ್ಬೊಬ್ಬರೂ ತಮ್ಮ ಹೆಸರು, ಒಂದು ಪ್ರಾರ್ಥನೆ ಬರೆಯುತ್ತಾರಂತೆ. ಮೇಲೆ ಗಾರೆ ಬೀಳುತ್ತದೆ, ಪ್ರಾರ್ಥನೆ ಗೋಡೆಯೊಳಗೇ ಉಳಿಯುತ್ತದೆ, ಮನೆ ಇರುವ ತನಕ. ಹುಡುಗರು ಪೆನ್ಸಿಲ್ ಹಿಡಿದು ಇಟ್ಟಿಗೆ ಇಟ್ಟಿಗೆಗೂ ಬರೆದರು. ಕೆಲವರು ಅತ್ತರು. ಯಾವ ಗೋಡೆಯ ಮೇಲೆ? ಬೀದಿ ಕಡೆಯ ಗೋಡೆಯ ಮೇಲೆ. ಗಾಯದ ಮೇಲೆ ಬರೆ ಎಂದರೆ ಇದೇ ಎಂದುಕೊಂಡೆ. ಇನ್ನು ಆ ಗೋಡೆಯನ್ನು ಯಾರು ಮುಟ್ಟುತ್ತಾರೆ?

ಎಲ್ಲರದೂ ಆದ ಮೇಲೆ ಮೇಷ್ಟ್ರು ಪೆನ್ಸಿಲನ್ನು ಅಕ್ಕನ ಕೈಗಿತ್ತರು. "ಈ ಮನೆಯ ಯಜಮಾನಿಯೂ ತಮ್ಮ ಪ್ರಾರ್ಥನೆ ಬರೆಯಲಿ." ನಾನು ದಾಟಿಸಿದೆ.

ಅಕ್ಕ ಪೆನ್ಸಿಲ್ ನೋಡಿದಳು. ಗೋಡೆ ನೋಡಿದಳು. ಹುಡುಗರು ತಲೆ ಬಗ್ಗಿಸಿದರು, ಅವಳು ದೇವರನ್ನು ನೆನೆಯುತ್ತಿದ್ದಾಳೆಂದು. ಆಮೇಲೆ ಪೆನ್ಸಿಲನ್ನು ನನಗೆ ಕೊಟ್ಟು, ಚೀಲದಿಂದ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ತೆಗೆದಳು. ಬಾಂಡ್ಲಿ ಎಳೆದುಕೊಂಡು ಗೋಡೆಗೆ ಎದುರಾಗಿ ಕೂತಳು. ಮೊಣಕೈ ಎತ್ತರಕ್ಕೆ ಒಂದು ಅಡ್ಡಗೆರೆ ಎಳೆದಳು, ಹೆಸರುಗಳ ಮೇಲೆ, ಪ್ರಾರ್ಥನೆಗಳ ಮೇಲೆ, ನೆಟ್ಟಗೆ. ಎದ್ದು ಎರಡು ಬದಿಯ ಗೆರೆ ಎಳೆದಳು. ಕೈ ಎಟುಕುವಷ್ಟು ಎಳೆದು, ಸುಣ್ಣವನ್ನು ಉದ್ದಕ್ಕನ ಕೈಗೆ ಕೊಟ್ಟು ಮೇಲಕ್ಕೆ ಬೆರಳು ತೋರಿಸಿದಳು. ಆ ಹುಡುಗಿ ಏನು ಎತ್ತ ಎಂದು ಕೇಳದೆ ಮೇಲಿನ ಗೆರೆ ಎಳೆದು ಕೂಡಿಸಿದಳು.

"ಇದೇ ನನ್ನ ಪ್ರಾರ್ಥನೆ" ಎಂದಳು ಅಕ್ಕ. "ಇಷ್ಟು ಕತ್ತರಿಸಿಕೊಡಿ ಅಂತ ಹೇಳು. ಹೇಳು, ಆಣೆ ವಾಪಸ್ ತಗೊಂಡೆ."

ನನ್ನ ಬಾಯಲ್ಲಿ ಅಷ್ಟು ದಿನ ಕಟ್ಟೆ ಕಟ್ಟಿ ನಿಂತದ್ದೆಲ್ಲ ಒಂದೇ ಉಸಿರಿಗೆ ಹರಿಯಿತು. ಗಿರಾಕಿಗಳು ಕಿಟಕಿಯಿಂದಲೇ ಬರುವುದು, ಒಳಗೆ ಬಾರದಿರುವುದು, ಹಿಂದೆ ಹೋದರೆ ವ್ಯಾಪಾರ ಮಣ್ಣುಪಾಲಾಗುವುದು, ಎಲ್ಲ ಹೇಳಿದೆ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ಅವರಿಗೆ ನೋವಾಗಿತ್ತು, ಮುಖ ನೋಡಿದರೇ ತಿಳಿಯುತ್ತಿತ್ತು. ಆದರೂ ಒಳ್ಳೆಯ ಮನುಷ್ಯ, ದಾರಿ ಹುಡುಕಿದರು. "ಓಣಿಯ ಬಾಗಿಲಿಗೆ ಗಂಟೆ ಹಾಕಿಸೋಣ, ಬೀದಿಗೆ ಒಂದು ದೊಡ್ಡ ಬೋರ್ಡ್ ಬರೆಸೋಣ. ಗಿರಾಕಿಗಳು ಖಂಡಿತ ಬರುತ್ತಾರೆ. ಹೊಗೆ, ಧೂಳು ಇಲ್ಲದೆ ಕೂತು ಹೊಲಿಯಬಹುದಲ್ಲ?" ಎಂದರು. ಬೋರ್ಡಿನ ಮಾತು ನನಗೂ ಅಡ್ಡಿಯಿಲ್ಲ ಅನ್ನಿಸಿತು, ಅದನ್ನೂ ದಾಟಿಸಿದೆ.

ಅಕ್ಕ ತಲೆ ಅಲ್ಲಾಡಿಸಿದಳು. "ಬಟ್ಟೆ ಹರಿದೋರು ಗಂಟೆ ಒತ್ತಿ ಬರ್ತಾರೆ, ಅವರು ಹೇಳೋದು ಸರಿ. ಏನೂ ಹರೀದೇ ಇರೋರು ಬರಲ್ವಲ್ಲ. ಸುಮ್ನೆ ಹೋಗ್ತಾ ಹೋಗ್ತಾ ನಿಂತು ಮಾತಾಡಿಸೋರು, ಅವರು ಯಾರ ಮನೆ ಬಾಗಿಲೂ ಬಡಿಯಲ್ಲ. ನಂಗೆ ಬೇಕಾಗಿರೋದು ಅವರು."

ಅಷ್ಟು ವರ್ಷ ಅವಳ ಜೊತೆ ಒಂದೇ ಕೋಣೆಯಲ್ಲಿ ಬದುಕಿ, ಬೆಳಿಗ್ಗೆ ಟಿಫಿನ್ ಡಬ್ಬಿ ಹಿಡಿದು ಹೋಟೆಲಿಗೆ ಓಡಿ, ಸಂಜೆ ಬಂದು ಬೆನ್ನು ಚಾಚುತ್ತಿದ್ದೆ. ಹಗಲೆಲ್ಲ ಅವಳು ಯಾರ ಜೊತೆ ಇರುತ್ತಾಳೆಂದು ಒಂದು ದಿನವೂ ಯೋಚಿಸಿರಲಿಲ್ಲ. ಕಣ್ಣು ಒರೆಸಿಕೊಂಡು ಅವಳ ಮಾತನ್ನು ದಾಟಿಸಿದೆ. ಮೇಷ್ಟ್ರು ಕೇಳಿ, ಕನ್ನಡಕ ಹಾಕಿಕೊಂಡು, ಮೇಸ್ತ್ರಿಯ ಕಡೆ ತಿರುಗಿ ಕತ್ತರಿಸುವ ಹಾಗೆ ಕೈಸನ್ನೆ ಮಾಡಿದರು. "ಮಾಳಿಗೆ ಬಿದ್ದಿಲ್ಲ, ಈಗ ಸುಲಭ. ಮೇಲೊಂದು ಲಿಂಟಲ್ ಕೂರಿಸಿದ್ರೆ ಆಯ್ತು" ಎಂದ ಮೇಸ್ತ್ರಿ. ಬೆಳಿಗ್ಗೆಯಿಂದ ಬರೆಯುವವರನ್ನು ಕಾದು ಕಾದು ಅವನಿಗೂ ಬೇಸರ ಬಂದಿತ್ತು.

ಉದ್ದಕ್ಕ ಮಾತ್ರ ಪೆಚ್ಚುಮೋರೆ ಹಾಕಿದ್ದಳು. ಅವಳ ಹೆಸರು ಚೌಕದ ನಟ್ಟನಡುವೆ ಸಿಕ್ಕಿತ್ತು. ಏನು ಬರೆದಿದ್ದೀಯೆಂದು ಕೇಳಿದೆ. ನಾಚಿಕೊಂಡು ಹೇಳಿದಳು: ಊರಲ್ಲಿ ಅವಳಜ್ಜಿಗೆ ಮಂಡಿನೋವಂತೆ, ವಾಸಿಯಾಗಲಿ ಎಂದು ಬರೆದಿದ್ದಳಂತೆ. ಮನೆ ನಮ್ಮದು, ಪ್ರಾರ್ಥನೆ ಅವಳಜ್ಜಿಯ ಮಂಡಿಗೆ! ಅಕ್ಕ ಬಿದ್ದೂ ಬಿದ್ದೂ ನಕ್ಕಳು. "ಪಕ್ಕದಲ್ಲಿ ಇನ್ನೊಂದ್ಸಲ ಬರಿ ಅಂತ ಹೇಳು. ದೇವ್ರಿಗೆ ಅಜ್ಜಿ ವಿಳಾಸ ಗೊತ್ತಿರುತ್ತೆ." ಹುಡುಗಿ ಬರೆದಳು, ಬರೆದವಳೇ ಸುತ್ತಿಗೆ ತಂದು ಮೊದಲ ಏಟು ತಾನೇ ಹಾಕಿದಳು. ಸಂಜೆಯಾಗುವಷ್ಟರಲ್ಲಿ ಗೋಡೆಯಲ್ಲಿ ಬೀದಿ ಕಾಣಿಸಿತು.

ಮಾಳಿಗೆ ಬಿತ್ತು, ಗಾರೆಯೂ ಮುಗಿಯಿತು. ಹೊರಡುವ ದಿನ ಅವರೆಲ್ಲ ಅಕ್ಕನನ್ನು ಅಪ್ಪಿಕೊಂಡು, ಅತ್ತು, ಫೋಟೋ ತೆಗೆಸಿಕೊಂಡು ಹೋದರು. ಬೀದಿ ಭಣಗುಟ್ಟಿತು. ಬಡಗಿ ಬಂದು ಕಿಟಕಿಗೆ ಕದ ಕೂರಿಸಿದ, ನಾವು ಸಾಮಾನು ಸಾಗಿಸಿ ಮೆಷಿನ್ನನ್ನು ಆ ಕಿಟಕಿಗೇ ಒತ್ತಿ ಇಟ್ಟೆವು. ನಾನು ಮತ್ತೆ ಕೆಲಸಕ್ಕೆ ಹೋಗತೊಡಗಿದೆ.

ಮೊದಲ ದಿನ ಸಂಜೆ ಹೋಟೆಲಿನಿಂದ ಬಂದು ಕಾಫಿ ಮಾಡಿದೆ. ಅಕ್ಕ ಮೆಷಿನ್ ಮುಂದೆ ಕೂತಿದ್ದಳು. ಮೆಷಿನ್ ಮೇಲೆ ಒಂದು ತುಂಡು ಬಟ್ಟೆಯೂ ಇರಲಿಲ್ಲ.

"ಕೆಲ್ಸ ಮುಗೀತಲ್ಲ, ಒಳಗೆ ಬಾ ಅಕ್ಕಾ, ಕಾಫಿ ಆರುತ್ತೆ" ಎಂದೆ.

"ಇರೇ" ಎಂದಳು ತಿರುಗಿಯೂ ನೋಡದೆ.

ಡ್ಯೂಟಿ ಮುಗಿಸಿದ ಬಸ್ ಕಂಡಕ್ಟರ್ ಒಬ್ಬ ಚೀಲ ಬಗಲಿಗೆ ಹಾಕಿಕೊಂಡು ಬೀದಿಯ ಆ ಬದಿಯಲ್ಲಿ ತಲೆ ತಗ್ಗಿಸಿ ಹೋಗುತ್ತಿದ್ದ. ಅವನ ಅಂಗಿ ಎಲ್ಲೂ ಹರಿದಿರಲಿಲ್ಲ. ಅಕ್ಕ ಕಿಟಕಿಯಿಂದ ಬಾಗಿ, "ಯಾಕಪ್ಪಾ, ಮುಖ ಬಾಡಿದೆ?" ಎಂದಳು.

ಅವನು ನಿಂತ. ಬೀದಿ ದಾಟಿ ಬಂದು ಕಿಟಕಿಯ ಕಟ್ಟೆಗೆ ಮೊಣಕೈ ಊರಿ, "ಅಯ್ಯೋ, ಅದ್ಯಾಕೆ ಕೇಳ್ತೀರಿ ಅಕ್ಕಾ" ಎಂದು ಶುರುಮಾಡಿದ. ಅಕ್ಕ ಕುರ್ಚಿಯನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡಳು. ನಾನು ಎರಡು ಲೋಟ ಕಾಫಿ ತಂದು, ಒಂದು ಅವಳಿಗೆ, ನನ್ನದನ್ನು ಅವನಿಗೆ ಕೊಟ್ಟು, ಇನ್ನೊಂದು ಮಾಡಿಕೊಳ್ಳಲು ಒಳಗೆ ಹೋದೆ.